ಸ್ಟೇಷನ್ ಸುತ್ತ ಹೊಸ ಬಡಾವಣೆ: ಮೊದಲು ಎತ್ತರವೋ, ಮೊದಲು ಕಾಲುದಾರಿಯೋ?

ಕಾಲ್ದಾರಿ

ಉಪನಗರ ರೈಲು ನಿಲ್ದಾಣದ ಸುತ್ತಲಿನ ಜಾಗವನ್ನು ಮರುಅಭಿವೃದ್ಧಿ ಮಾಡುತ್ತಾರೆ ಅಂದ ಕೂಡಲೇ ಚರ್ಚೆ ಎತ್ತರದಿಂದ ಶುರುವಾಗುತ್ತದೆ. ಎಷ್ಟು ಮಹಡಿ, ಎಷ್ಟು ಎಫ್‌ಎಆರ್ (ಸೈಟಿನ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ), ಎಷ್ಟು ಫ್ಲ್ಯಾಟು. ಪರವಾಗಿ ಇರುವವರೂ ಅದನ್ನೇ ಹಿಡಿದುಕೊಳ್ಳುತ್ತಾರೆ, ವಿರೋಧಿಸುವವರೂ ಅದನ್ನೇ. ಪ್ಲಾಟ್‌ಫಾರ್ಮಿನಿಂದ ಇಳಿದ ಮನುಷ್ಯ ತನ್ನ ಮನೆಬಾಗಿಲಿಗೆ ಯಾವ ದಾರಿಯಲ್ಲಿ ಹೋಗುತ್ತಾನೆ ಅನ್ನುವ ಪ್ರಶ್ನೆ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಸೈಟುಗಳು ಹಂಚಿಹೋಗಿ, ಕಾಂಪೌಂಡ್ ಗೋಡೆ ಎದ್ದಿರುತ್ತದೆ.

ಇದನ್ನು ತಿರುಗಿಸಬೇಕು ಅನ್ನುವುದು ನನ್ನ ವಾದ. ಮೊದಲು ದಾರಿ ನಿಗದಿಯಾಗಲಿ, ಆಮೇಲೆ ಸೈಟು, ಕೊನೆಗೆ ಎತ್ತರ. ಕಟ್ಟಡ ನಲವತ್ತೈವತ್ತು ವರ್ಷಕ್ಕೆ ಬದಲಾಗಬಹುದು. ಒಮ್ಮೆ ಬಿದ್ದ ರಸ್ತೆಯ ಗೆರೆ ಎಷ್ಟೋ ತಲೆಮಾರು ಹಾಗೇ ಉಳಿಯುತ್ತದೆ. ತಪ್ಪು ಕಟ್ಟಡವನ್ನು ಒಬ್ಬ ಮಾಲೀಕ ಕೆಡವಿ ಕಟ್ಟಬಹುದು, ತಪ್ಪು ರಸ್ತೆಜಾಲವನ್ನು ಸರಿಮಾಡಲು ನೂರು ಮಾಲೀಕರು ಒಪ್ಪಬೇಕು.

ಯೋಜನೆಗಳಲ್ಲಿ ನಿಲ್ದಾಣದ ಸುತ್ತ 800 ಮೀಟರಿನ ಒಂದು ವೃತ್ತ ಎಳೆದು "ಹತ್ತು ನಿಮಿಷದ ನಡಿಗೆ" ಅಂತ ಬರೆಯುವುದು ರೂಢಿ. ಆ ವೃತ್ತದೊಳಗೆ ಸುಮಾರು 200 ಹೆಕ್ಟೇರ್ ಜಾಗ ಬರುತ್ತದೆ. ಆದರೆ ಯಾರೂ ಹಕ್ಕಿಯ ಹಾಗೆ ನೇರ ಹಾರಿ ಹೋಗುವುದಿಲ್ಲ. ಹಳಿ ದಾಟಲು ಒಂದೇ ಕಡೆ ಅವಕಾಶ ಇದ್ದರೆ, ನಿಲ್ದಾಣದ ಬಾಗಿಲು ಒಂದೇ ಬದಿಗೆ ತೆರೆದಿದ್ದರೆ, ಎದುರು ಬದಿಯ ಅರ್ಧ ವೃತ್ತ ಕಾಗದದ ಮೇಲೆ ಮಾತ್ರ ಹತ್ತಿರ. ನಿಮ್ಮ ಅಭಿಪ್ರಾಯ ಬರೆಯಿರಿ. ವಿರೋಧವಿದ್ದರೆ ಇನ್ನೂ ಒಳ್ಳೆಯದು.

ನಕ್ಷೆಮೇಜು

ಕಾಲ್ದಾರಿಯವರೇ, ನೀವು ಹೇಳಿದ ವೃತ್ತದ ವಿಷಯಕ್ಕೆ ಒಂದು ಲೆಕ್ಕ ಸೇರಿಸುತ್ತೇನೆ. ರಸ್ತೆಗಳೆಲ್ಲ ಚೌಕಚೌಕವಾಗಿ, ಒಂದೂ ಅಡ್ಡಿಯಿಲ್ಲದೆ ಹಾಯ್ದಿವೆ ಅಂತಲೇ ಇಟ್ಟುಕೊಳ್ಳಿ. ಆಗಲೂ 800 ಮೀಟರ್ ನಡೆದು ಮುಟ್ಟಬಹುದಾದ ಜಾಗ ವೃತ್ತದ ಶೇ. 64ರಷ್ಟೇ, ಅಂದರೆ 128 ಹೆಕ್ಟೇರ್. ಇದು ಶುದ್ಧ ರೇಖಾಗಣಿತ, ಇದಕ್ಕಿಂತ ಹೆಚ್ಚು ಬೇಕಾದರೆ ನಿಲ್ದಾಣದ ಕಡೆಗೆ ಓರೆಯಾಗಿ ಹಾಯುವ ದಾರಿಗಳು ಬೇಕು. ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಗೇಟು ಹಾಕಿದ ಬಡಾವಣೆ, ಮತ್ತೊಂದು ಕಡೆ ಹಳೇ ಗೂಡ್ಸ್ ಯಾರ್ಡು ಇದ್ದರೆ ಈ ಪಾಲು ಮೂರನೇ ಒಂದಕ್ಕೂ ಇಳಿಯಬಹುದು. ಹೊಸ ಕಟ್ಟಡ ಒಂದೂ ಕಟ್ಟದೆ, ಎರಡು ಗೋಡೆ ಒಡೆದು ಒಂದು ಓಣಿ ಬಿಡಿಸಿದರೆ ನೂರಾರು ಮನೆ ನಿಲ್ದಾಣಕ್ಕೆ "ಹತ್ತಿರ" ಆಗುತ್ತವೆ. ಇಷ್ಟು ಅಗ್ಗದ ಕೆಲಸ ನಮ್ಮ ವೃತ್ತಿಯಲ್ಲಿ ಬೇರೆ ಇಲ್ಲ.

ಜಪಾನಿನಲ್ಲಿ ಮನೆ ಜಾಹೀರಾತಿನಲ್ಲಿ ನಿಲ್ದಾಣ ಎಷ್ಟು ನಿಮಿಷ ಅಂತ ಬರೆಯಲು ನಿಯಮವೇ ಇದೆ: 80 ಮೀಟರಿಗೆ ಒಂದು ನಿಮಿಷ, ಉಳಿಕೆ ಬಂದರೆ ಮೇಲಿನ ಅಂಕಿಗೆ ಏರಿಸಬೇಕು, ಅಳತೆ ನಡೆಯುವ ದಾರಿಯಲ್ಲೇ ಆಗಬೇಕು. ಕರಡು ಯೋಜನೆಗಳಿಗೂ ಇದೇ ಕಟ್ಟುಪಾಡು ಬರಬೇಕು. ವೃತ್ತದ ಬದಲು, ನಡೆದು ಮುಟ್ಟುವ ಜಾಗದ ಅಂಕುಡೊಂಕು ಆಕಾರವನ್ನೇ ನಕ್ಷೆಯಲ್ಲಿ ತೋರಿಸಲಿ. ಸಭೆಯಲ್ಲಿ ಅದನ್ನು ನೋಡಿದ ಜನ ತಾವಾಗಿಯೇ ಕೇಳುತ್ತಾರೆ: ಇಲ್ಲಿ ಯಾಕೆ ಇಷ್ಟು ಚಿವುಟಿದ ಹಾಗಿದೆ?

ಇನ್ನು ಬ್ಲಾಕಿನ, ಅಂದರೆ ಎರಡು ಅಡ್ಡರಸ್ತೆಗಳ ನಡುವಿನ ಜಾಗದ, ಗಾತ್ರ. 80ರಿಂದ 100 ಮೀಟರಿಗೆ ಒಂದು ಅಡ್ಡರಸ್ತೆ ಸಿಗಬೇಕು. 250 ಮೀಟರ್ ಉದ್ದದ ಒಂದೇ ಸೈಟನ್ನು ಒಬ್ಬರಿಗೇ ಕೊಟ್ಟರೆ ಅವರು ಎಷ್ಟೇ ಒಳ್ಳೆಯ ವಾಸ್ತುಶಿಲ್ಪಿಯನ್ನು ಕರೆದರೂ ಅಲ್ಲಿ ನಡೆಯುವವನಿಗೆ ಗೋಡೆಯೇ ಸಿಗುತ್ತದೆ.

ಬೆಳಗಿನ ರೈಲು

ಎಲ್ಲ ಸರಿ. ಆದರೆ ನಾನು ನಿಲ್ದಾಣಕ್ಕೆ ಕಾರಿನಲ್ಲಿ ಬರುವವನು. ಮನೆಯಿಂದ ಏಳು ಕಿಲೋಮೀಟರ್, ಬಸ್ಸಿಲ್ಲ. ಈಗಿರುವ ಪಾರ್ಕಿಂಗ್ ಮೈದಾನದ ಮೇಲೆ ಮನೆ ಕಟ್ಟಿಬಿಟ್ಟರೆ ನನ್ನಂಥವರು ರೈಲನ್ನೇ ಬಿಟ್ಟು ಪೂರ್ತಿ ದಾರಿ ಕಾರಲ್ಲೇ ಹೋಗುತ್ತಾರೆ. ರೈಲಿಗೂ ನಷ್ಟ, ರಸ್ತೆಗೂ ನಷ್ಟ. ನಡೆಯುವವರಿಗಾಗಿ ಯೋಜನೆ ಅನ್ನುವ ಉತ್ಸಾಹದಲ್ಲಿ ಇವತ್ತು ಟಿಕೆಟ್ ಕೊಳ್ಳುತ್ತಿರುವವರನ್ನು ಮರೆಯಬೇಡಿ.

ಕಾಲ್ದಾರಿ

ನಿಮ್ಮ ಆತಂಕ ನ್ಯಾಯವಾದದ್ದು, ಅದಕ್ಕೆ ಉತ್ತರ ಯೋಜನೆಯಲ್ಲೇ ಇರಬೇಕು. ಮೊದಲು ಜಾಗದ ಲೆಕ್ಕ ನೋಡೋಣ. ಒಂದು ಕಾರು ನಿಲ್ಲಲು, ಒಳಗೆ ಬಂದು ತಿರುಗುವ ದಾರಿಯೂ ಸೇರಿ, ಸುಮಾರು 30 ಚದರ ಮೀಟರ್ ಬೇಕು. ಒಂದು ಹೆಕ್ಟೇರಿಗೆ 330 ಕಾರು. ಹೆಚ್ಚಿನ ಕಾರುಗಳಲ್ಲಿ ಬರುವುದು ಒಬ್ಬರೇ, ಬೆಳಿಗ್ಗೆ ಬಂದು ಸಂಜೆ ಹೋಗುತ್ತಾರೆ. ಅದೇ ಹೆಕ್ಟೇರಿನಲ್ಲಿ ನಾಲ್ಕೈದು ಮಹಡಿಯ ಸಾಧಾರಣ ಕಟ್ಟಡ ಬಂದರೆ 150ರಿಂದ 200 ಮನೆ, ಕೆಳಗೆ ಅಂಗಡಿ, ಕ್ಲಿನಿಕ್ಕು. ಆ ಮನೆಗಳಲ್ಲಿರುವವರು ಬೆಳಿಗ್ಗೆ ಮಾತ್ರ ರೈಲು ಹತ್ತುವುದಿಲ್ಲ. ಮಧ್ಯಾಹ್ನ ಹತ್ತುತ್ತಾರೆ, ಭಾನುವಾರ ಹತ್ತುತ್ತಾರೆ, ಅವರನ್ನು ನೋಡಲು ಬರುವವರೂ ರೈಲಿನಲ್ಲೇ ಬರುತ್ತಾರೆ.

ಆದರೂ ನಿಮ್ಮ ಏಳು ಕಿಲೋಮೀಟರ್ ಸುಳ್ಳಾಗುವುದಿಲ್ಲ. ಪಾರ್ಕಿಂಗನ್ನು ಒಂದೇ ಏಟಿಗೆ ತೆಗೆಯಬಾರದು. ಬಾಗಿಲಿಗೆ ಅಂಟಿಕೊಂಡ ಮೊದಲ ನೂರು-ನೂರೈವತ್ತು ಮೀಟರ್ ಜಾಗ ಜನರಿಗೆ ಸಿಗಲಿ, ಕಾರು ಅದರಾಚೆ ಹೋಗಲಿ. ಐದು ನಿಮಿಷ ನಡೆದು ಬರುವ ದೂರಕ್ಕೆ, ಹೊಸ ಬೀದಿಯ ಅಂಗಡಿಗಳ ಮುಂದೆಯೇ ಹಾದುಬರುವ ಹಾಗೆ.

ನಕ್ಷೆಮೇಜು

ಬೆಳಗಿನ ರೈಲು ಅವರೇ, ಅದರ ಜೊತೆಗೆ ನಿಮ್ಮ ಕಡೆಯಿಂದ ರೈಲಿನ ಸಮಯಕ್ಕೆ ಹೊಂದುವ ಬಸ್ಸು ಕೇಳಿ, ಜೋರಾಗಿಯೇ ಕೇಳಿ. ಏಳು ಕಿಲೋಮೀಟರ್ ಸೈಕಲ್ಲಿಗೂ ಸಾಧ್ಯವಾದ ದೂರ, ದಾರಿ ಸುರಕ್ಷಿತವಾಗಿದ್ದರೆ. ನೆದರ್ಲೆಂಡ್ಸಿನ ಉಟ್ರೆಕ್ಟ್ ನಿಲ್ದಾಣದಡಿಯ ಸೈಕಲ್ ತಂಗುದಾಣ 2019ರಲ್ಲಿ ಪೂರ್ತಿಯಾದಾಗ ಅಲ್ಲಿ 12,500 ಸೈಕಲ್ಲಿಗೆ ಜಾಗವಿತ್ತು. ಅಷ್ಟೇ ಕಾರು ನಿಲ್ಲಿಸಲು ನೆಲಮಟ್ಟದಲ್ಲಿ ಮೂವತ್ತೇಳು ಹೆಕ್ಟೇರ್ ಬೇಕಾಗುತ್ತಿತ್ತು.

ಇನ್ನೊಂದು ಪಾರ್ಕಿಂಗ್ ಇದೆ, ಅದು ಕಣ್ಣಿಗೆ ಬೀಳುವುದಿಲ್ಲ. ಹೊಸ ಕಟ್ಟಡಕ್ಕೆ ಪ್ರತಿ ಮನೆಗೆ ಇಷ್ಟು ಕಾರಿನ ಜಾಗ ಇರಲೇಬೇಕು ಅನ್ನುವ ನಿಯಮ. ನಿಲ್ದಾಣದ ಪಕ್ಕದಲ್ಲೂ ಅದನ್ನೇ ಹೇರಿದರೆ ಕೆಳಗಿನ ಎರಡು ಮಹಡಿ ಕಾರಿಗೇ ಹೋಗುತ್ತದೆ, ಆ ಖರ್ಚು ಕಾರಿಲ್ಲದವರ ಬಾಡಿಗೆಯಲ್ಲೂ ಸೇರುತ್ತದೆ. ಕ್ಯಾಲಿಫೋರ್ನಿಯಾ 2022ರಲ್ಲಿ ಎಬಿ 2097 ಅನ್ನುವ ಕಾನೂನು ಮಾಡಿ, ಪ್ರಮುಖ ಸಾರಿಗೆ ನಿಲ್ದಾಣದಿಂದ ಅರ್ಧ ಮೈಲಿಯೊಳಗೆ ಇಂಥ ಕಡ್ಡಾಯ ಪಾರ್ಕಿಂಗನ್ನು ಬಹುಪಾಲು ಕಟ್ಟಡಗಳಿಗೆ ಕೈಬಿಟ್ಟಿತು. ಕಟ್ಟುವವನಿಗೆ ಬೇಕಿದ್ದರೆ ಪಾರ್ಕಿಂಗ್ ಕಟ್ಟಬಹುದು, ಒತ್ತಾಯ ಇಲ್ಲ, ಅಷ್ಟೇ.

ವೀಲ್‌ಚೇರ್ ಪಯಣ

"ನಡಿಗೆ" ಅಂತ ಎಲ್ಲರೂ ಬರೆಯುತ್ತಿದ್ದೀರಿ. ನಾನು ನಡೆಯುವುದಿಲ್ಲ, ಉರುಳುತ್ತೇನೆ. ಆದರೂ ಈ ವಿಷಯ ನನ್ನದೇ.

ಹಳಿ ದಾಟುವ ಮಾತು ಬಂದಾಗ ಪಾದಚಾರಿ ಮೇಲ್ಸೇತುವೆ ಅಂತ ಸುಲಭವಾಗಿ ಬರೆದುಬಿಡುತ್ತಾರೆ. ಅದನ್ನು ಹತ್ತಿರದಿಂದ ನೋಡಿ. ವಿದ್ಯುತ್ ರೈಲಿನ ತಂತಿಯ ಮೇಲೆ ಹಾಯಬೇಕಾದ್ದರಿಂದ ಸೇತುವೆಯ ನೆಲ ಆರು-ಏಳು ಮೀಟರ್ ಎತ್ತರದಲ್ಲಿರುತ್ತದೆ, ಎರಡು ಮಹಡಿಯಷ್ಟು. ಇಳಿಜಾರು 1:12ಕ್ಕಿಂತ (ಒಂದು ಮೀಟರ್ ಏರಲು ಹನ್ನೆರಡು ಮೀಟರ್ ಉದ್ದ) ಕಡಿದಾಗಿರಬಾರದು. ಆರೂವರೆ ಮೀಟರ್ ಏರಲು 78 ಮೀಟರ್ ಉದ್ದದ ರ‍್ಯಾಂಪು. ಮುಕ್ಕಾಲು ಮೀಟರ್ ಏರಿದಾಗಲೆಲ್ಲ ಒಂದು ಸಮತಟ್ಟಾದ ತಂಗುಜಾಗ ಬೇಕು, ಅದೂ ಸೇರಿದರೆ 90 ಮೀಟರ್. ಆ ಕಡೆ ಇಳಿಯಲು ಇನ್ನೊಂದು 90. ಎರಡು ಹಳಿ ದಾಟಲು, ಅಂದರೆ ಹನ್ನೆರಡು-ಹದಿನೈದು ಮೀಟರ್ ಅಗಲ ದಾಟಲು, ನನ್ನ ತೋಳು 180 ಮೀಟರ್ ದುಡಿಯಬೇಕು. ಮಳೆಯಲ್ಲಿ ಚಕ್ರದ ಹಿಡಿ ಜಾರುತ್ತದೆ, ಮಡಿಲಲ್ಲಿ ಚೀಲ ಇದ್ದರೆ ಬಗ್ಗಿ ತಳ್ಳಲು ಆಗುವುದಿಲ್ಲ.

"ಲಿಫ್ಟ್ ಇದೆಯಲ್ಲ" ಅನ್ನುತ್ತಾರೆ. ಒಂದೇ ಲಿಫ್ಟ್ ಇದ್ದರೆ ಅದು ಕೆಟ್ಟ ದಿನ ಆ ನಿಲ್ದಾಣ ನನ್ನ ಪಾಲಿಗೆ ಮುಚ್ಚಿದ ಹಾಗೆ. ನಾನು ಇಳಿಯುವ ನಿಲ್ದಾಣದಲ್ಲಿ ಲಿಫ್ಟ್ ಕೆಟ್ಟಿದೆ ಅಂತ ಹತ್ತುವ ನಿಲ್ದಾಣದಲ್ಲೇ ಹೇಳುವ ವ್ಯವಸ್ಥೆ ಇದ್ದರೆ ಅರ್ಧ ಸಂಕಟ ತಪ್ಪುತ್ತಿತ್ತು.

ನನ್ನ ಬೇಡಿಕೆ ಇಷ್ಟೇ. ಎರಡು ಬದಿಗೂ ಬಾಗಿಲು. ನೆಲಮಟ್ಟಕ್ಕೆ ಆದಷ್ಟು ಹತ್ತಿರದ ದಾಟು. ಮತ್ತು ಫುಟ್‌ಪಾತು ಪ್ರತಿ ಗೇಟಿನ ಮುಂದೆಯೂ ಇಳಿದು ಏರಬಾರದು, ಫುಟ್‌ಪಾತಿನ ಮಟ್ಟಕ್ಕೆ ಕಾರೇ ಏರಿ ಇಳಿಯಲಿ. ಇದರಿಂದ ತಳ್ಳುಗಾಡಿಯಲ್ಲಿ ಮಗು ಕರೆದುಕೊಂಡು ಬರುವ ತಾಯಿಗೆ, ಮಂಡಿ ನೋವಿನ ಹಿರಿಯರಿಗೆ, ಸೂಟ್‌ಕೇಸು ಎಳೆಯುವವರಿಗೆ ಎಲ್ಲರಿಗೂ ಅನುಕೂಲ.

ಸೈಟ್ ಇಂಜಿನಿಯರ್

ಪಯಣ ಅವರು ಬರೆದದ್ದು ಅಕ್ಷರಶಃ ಸರಿ. ತಾಂತ್ರಿಕವಾಗಿ ಇದಕ್ಕೆ ಒಳ್ಳೆಯ ಉತ್ತರ ಅಂಡರ್‌ಪಾಸ್. ಮನುಷ್ಯನಿಗೆ ಎರಡೂವರೆಯಿಂದ ಮೂರು ಮೀಟರ್ ಎತ್ತರ ಸಾಕು, ಮೇಲೆ ಚಾವಣಿ ಮತ್ತು ಜಲ್ಲಿಯ ದಪ್ಪ ಸುಮಾರು ಒಂದು ಮೀಟರ್. ಮೂರೂವರೆ-ನಾಲ್ಕು ಮೀಟರ್ ಇಳಿದರೆ ಮುಗಿಯಿತು, ಸೇತುವೆಯ ಅರ್ಧ ಶ್ರಮ. ಹಳಿ ಮಣ್ಣಿನ ಏರಿಯ ಮೇಲೆ ಹಾದುಹೋಗಿದ್ದರಂತೂ ಇಳಿಯುವುದೇ ಬೇಡ, ಬೀದಿ ಹಾಗೇ ನೇರ ಹಾಯುತ್ತದೆ.

ಅಂಡರ್‌ಪಾಸಿಗೆ ಕೆಟ್ಟ ಹೆಸರು ಬಂದಿರುವುದು ಮೂರು ಕಾರಣಕ್ಕೆ: ನೀರು, ಕತ್ತಲೆ, ತಿರುವು. ನೀರಿನ ವಿಷಯದಲ್ಲಿ ಹೊರಗಿನ ಮಳೆನೀರು ರ‍್ಯಾಂಪಿನ ಬಾಯಿಗೆ ಬರುವ ಮೊದಲೇ ಅಡ್ಡಚರಂಡಿಯಲ್ಲಿ ಬೀಳಬೇಕು, ರ‍್ಯಾಂಪು ಶುರುವಾಗುವ ಜಾಗ ರಸ್ತೆಗಿಂತ ಗೇಣುದ್ದ ಎತ್ತರ ಇರಬೇಕು, ತಗ್ಗಿನಲ್ಲಿ ಗುಂಡಿ ಮತ್ತು ಎರಡು ಪಂಪು. ಒಂದು ಕೆಟ್ಟರೆ ಇನ್ನೊಂದು. ಅಗಲ ಕಡಿಮೆ ಅಂದರೆ ಐದಾರು ಮೀಟರ್. ಒಳಗೆ ಕಾಲಿಡುವ ಮೊದಲೇ ಆ ಕಡೆಯ ಬೆಳಕು ಕಾಣಬೇಕು. ತಿರುವು ಇಟ್ಟರೆ ಸಂಜೆ ಏಳರ ನಂತರ ಅಲ್ಲಿ ಯಾರೂ ಹೋಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯ ಸಮಯ. ರೈಲು ಓಡುವ ಹಳಿಯಡಿ ಅಂಡರ್‌ಪಾಸಿನ ಕಾಂಕ್ರೀಟ್ ಪೆಟ್ಟಿಗೆ ತಳ್ಳುವುದು ದುಬಾರಿ ಕೆಲಸ, ರೈಲು ನಿಧಾನಿಸಬೇಕು, ರಾತ್ರಿ ಬ್ಲಾಕ್ (ರೈಲು ಓಡದ ಬಿಡುವು) ಸಿಗಬೇಕು. ಹಳಿ ಜೋಡಿ ಮಾಡುವಾಗಲೋ, ವಿದ್ಯುದೀಕರಣಕ್ಕೋ, ಪ್ಲಾಟ್‌ಫಾರ್ಮ್ ಉದ್ದ ಮಾಡುವುದಕ್ಕೋ ಹೇಗೂ ಸಂಚಾರ ನಿಲ್ಲಿಸುತ್ತಾರಲ್ಲ, ಆಗಲೇ ಸೇರಿಸಿಕೊಂಡರೆ ಖರ್ಚು ಬಹಳ ಉಳಿಯುತ್ತದೆ. ಆ ಅವಕಾಶ ತಪ್ಪಿದರೆ ಮತ್ತೆ ಇಪ್ಪತ್ತು ವರ್ಷ ಕಾಯಬೇಕು. ಅದಕ್ಕೇ ಕಾಲ್ದಾರಿಯವರು "ಮೊದಲು ದಾರಿ" ಅನ್ನುವುದನ್ನು ನಾನು ಪೂರ್ತಿ ಒಪ್ಪುತ್ತೇನೆ. ರೈಲ್ವೆಯವರ ಕ್ಯಾಲೆಂಡರು, ನಗರ ಯೋಜನೆಯವರ ಕ್ಯಾಲೆಂಡರು ಒಂದೇ ಮೇಜಿನ ಮೇಲೆ ಬರಲೇಬೇಕು.

ಮಳಿಗೆ ಮುಂಗಟ್ಟು

ಕೆಳಮಹಡಿ ಅಂಗಡಿಗಳ ಬಗ್ಗೆ ಎಲ್ಲರೂ ಹಗುರವಾಗಿ ಮಾತಾಡುತ್ತಿದ್ದೀರಿ. ಮಳಿಗೆಗಳನ್ನು ಬಾಡಿಗೆಗೆ ಕೊಡಿಸುವ ಕೆಲಸ ನನ್ನದು, ಅದಕ್ಕೇ ಹೇಳುತ್ತೇನೆ. ಎಲ್ಲ ಬೀದಿಯ ಎಲ್ಲ ಕಟ್ಟಡಕ್ಕೂ ಕೆಳಗೆ ಅಂಗಡಿ ಕಡ್ಡಾಯ ಅಂತ ಬರೆದರೆ ಅರ್ಧ ಶಟರು ಮುಚ್ಚಿಯೇ ಇರುತ್ತವೆ. ಅಂಗಡಿ ಬದುಕುವುದು ಮುಂದೆ ಓಡಾಡುವ ಕಾಲುಗಳಿಂದ. ನಿಲ್ದಾಣದ ಬಾಗಿಲಿನಿಂದ ಜನ ಹರಿಯುವ ಒಂದು, ಹೆಚ್ಚೆಂದರೆ ಎರಡು ಬೀದಿ ಆರಿಸಿ. ಅಲ್ಲಿ ಎರಡೂ ಬದಿಗೆ ಸಾಲಾಗಿ ಮಳಿಗೆ ಬರಲಿ. ಉಳಿದ ಬೀದಿಗಳಲ್ಲಿ ಕೆಳಮಹಡಿ ಮನೆಯೇ ಆಗಲಿ, ರಸ್ತೆಯಿಂದ ನಾಲ್ಕಾರು ಹೆಜ್ಜೆಯಷ್ಟು ಹಿಂದೆ, ಬಾಗಿಲು ಬೀದಿಗೆ ತೆರೆಯುವ ಹಾಗೆ.

ಮಳಿಗೆಯ ಅಳತೆಯೂ ಮುಖ್ಯ. ಚಾವಣಿ ನಾಲ್ಕು-ನಾಲ್ಕೂವರೆ ಮೀಟರ್ ಎತ್ತರ ಇರಲಿ, ಆಗ ಇವತ್ತು ಅಂಗಡಿ, ನಾಳೆ ಕ್ಲಿನಿಕ್ಕು, ನಾಡಿದ್ದು ಸಂಗೀತ ಶಾಲೆ ಆಗಬಹುದು. ಮುಂಗಟ್ಟು ಐದಾರು ಮೀಟರ್ ಅಗಲ ಸಾಕು. ದೊಡ್ಡ ಮಳಿಗೆ ಮಾಡಿ ಇಟ್ಟರೆ ಚೈನ್ ಅಂಗಡಿಗಳು ಮಾತ್ರ ಬರುತ್ತವೆ. ಚಪ್ಪಲಿ ಹೊಲಿಯುವವನಿಗೆ, ದರ್ಜಿಗೆ, ಜೆರಾಕ್ಸ್ ಅಂಗಡಿಗೆ ಅಷ್ಟು ಬಾಡಿಗೆ ಕಟ್ಟಲಾಗದು. ರೈಲು ಇಳಿದವರಿಗೆ ದಿನವೂ ಬೇಕಾಗುವುದು ಇಂಥವರೇ.

ವಿಯೆನ್ನಾದ ಹೊರವಲಯದಲ್ಲಿ ಹಳೇ ವಿಮಾನ ನಿಲ್ದಾಣದ ಜಾಗದಲ್ಲಿ ಕಟ್ಟುತ್ತಿರುವ ಆಸ್ಪರ್ನ್ ಜೇಸ್ಟಾಟ್ ನೋಡಿ. ಮೆಟ್ರೋದ ಯು2 ಮಾರ್ಗ 2013ರಲ್ಲೇ ಅಲ್ಲಿಗೆ ಬಂತು, ಮೊದಲ ನಿವಾಸಿಗಳು ಬಂದದ್ದು 2014ರಲ್ಲಿ. ಮುಖ್ಯ ಬೀದಿಯ ಮಳಿಗೆಗಳನ್ನು ಬಿಡಿಬಿಡಿ ಮಾಲೀಕರಿಗೆ ಬಿಡದೆ ಒಂದೇ ಕೈಯಲ್ಲಿ ನಿರ್ವಹಿಸಿದರು. ದಿನಸಿ, ಔಷಧಿ, ಬೇಕರಿ, ಪುಸ್ತಕದಂಗಡಿ ಇಂಥವು ಶುರುವಿನಲ್ಲೇ ಇರುವಂತೆ ನೋಡಿಕೊಂಡರು. ಮೊದಲ ಎರಡು-ಮೂರು ವರ್ಷ ಗಿರಾಕಿ ಕಡಿಮೆ ಇರುವಾಗ ಬಾಡಿಗೆಯಲ್ಲಿ ಹೊಂದಾಣಿಕೆ ಮಾಡುವವರು ಒಬ್ಬರು ಇರಲೇಬೇಕು. ಒಂಟಿ ಮಾಲೀಕನಿಂದ ಅದು ಆಗುವುದಿಲ್ಲ, ಅವನಿಗೆ ಬ್ಯಾಂಕಿನ ಕಂತು ಇರುತ್ತದೆ.

ಸಂಜೆಪಾಳಿ

ಆಸ್ಪತ್ರೆಯಲ್ಲಿ ಪಾಳಿ ಕೆಲಸ ನನ್ನದು. ಕೊನೆಯ ರೈಲಿಗೆ ಇಳಿಯುತ್ತೇನೆ. ನನಗೆ ನಿಲ್ದಾಣದ ಬೀದಿ ಅಂದರೆ ರಾತ್ರಿ ಹತ್ತೂವರೆಯ ಬೀದಿ.

ದೀಪ ಹಾಕುತ್ತಾರೆ, ಕ್ಯಾಮರಾ ಹಾಕುತ್ತಾರೆ. ಅವು ಬೇಕು, ಆದರೆ ಧೈರ್ಯ ಬರುವುದು ಕಿಟಕಿಯಿಂದ. ಮೊದಲ ಮಹಡಿಯಲ್ಲಿ ಯಾರದೋ ಅಡುಗೆಮನೆಯ ದೀಪ ಉರಿಯುತ್ತಿದ್ದರೆ, ಬಾಲ್ಕನಿಯಲ್ಲಿ ಒಬ್ಬರು ಫೋನಲ್ಲಿ ಮಾತಾಡುತ್ತಿದ್ದರೆ ನನ್ನ ಹೆಜ್ಜೆ ಸಡಿಲವಾಗುತ್ತದೆ. ಕೆಳಗಿನ ಮೂರು ಮಹಡಿ ಪಾರ್ಕಿಂಗ್ ಆಗಿದ್ದರೆ ಮೇಲಿನ ಕಿಟಕಿಗಳಿಂದ ನನಗೆ ಏನೂ ಉಪಯೋಗವಿಲ್ಲ. ಹನ್ನೆರಡನೇ ಮಹಡಿಯವರಿಗೆ ನನ್ನ ಕೂಗು ಕೇಳಿಸುವುದಿಲ್ಲ. ಆಫೀಸು ಮಾತ್ರ ಇರುವ ಬೀದಿಯಂತೂ ಆರೂವರೆಗೆ ಸತ್ತುಹೋಗುತ್ತದೆ. ಮನೆ, ಆಫೀಸು, ಅಂಗಡಿ ಬೆರೆಸಿ ಅಂತ ಹೇಳುವುದು ನಕ್ಷೆ ಚೆನ್ನಾಗಿ ಕಾಣಲಿ ಅಂತಲ್ಲ, ಒಂದೊಂದು ಹೊತ್ತಿಗೆ ಒಬ್ಬೊಬ್ಬರು ಬೀದಿಯಲ್ಲಿರಲಿ ಅಂತ.

ಇನ್ನೊಂದು ಮಾತು. ರಾತ್ರಿ ಒಂದು ರೈಲು ತಪ್ಪಿದರೆ ಮುಂದಿನದು ಒಂದು ಗಂಟೆಗೆ ಅನ್ನುವ ಮಾರ್ಗದ ಸುತ್ತ ಕಾರಿಲ್ಲದೆ ಬದುಕಿ ಅಂತ ಯಾರಿಗೂ ಹೇಳಲಾಗದು. ಮೊದಲು ರೈಲು ಹೆಚ್ಚಿಸಿ.

ಹಳೇ ಪ್ರಯಾಣಿಕ

ಸಂಜೆಪಾಳಿ ತಂಗಿ ಹೇಳಿದ ಕೊನೆಯ ಮಾತನ್ನು ಎಲ್ಲರೂ ಎರಡು ಸಲ ಓದಬೇಕು. ಬೆಳಿಗ್ಗೆ ನಗರದ ಕಡೆಗೆ, ಸಂಜೆ ಮನೆ ಕಡೆಗೆ ಅಷ್ಟೇ ಓಡುವ ರೈಲು ಅರ್ಧ ದಿನ ಖಾಲಿ ಓಡುತ್ತದೆ. ಕ್ಯಾಲಿಫೋರ್ನಿಯಾದ ಕ್ಯಾಲ್‌ಟ್ರೇನ್ 2024ರ ಸೆಪ್ಟೆಂಬರಿನಲ್ಲಿ ವಿದ್ಯುತ್ ರೈಲಿಗೆ ಬದಲಾದಾಗ ವಾರಾಂತ್ಯದಲ್ಲೂ ಅರ್ಧ ಗಂಟೆಗೊಂದು ರೈಲು ಬಿಟ್ಟರು, ಮೊದಲು ಗಂಟೆಗೊಂದು ಇತ್ತು. ಪ್ರಯಾಣಿಕರು ಹೆಚ್ಚಿದರು. ಸ್ಟೇಷನ್ ಸುತ್ತ ಕಟ್ಟುವವರು ಮೊದಲು ನೋಡಬೇಕಾದದ್ದು ವೇಳಾಪಟ್ಟಿ.

ಖಾಲಿ ಓಡುವ ದಿಕ್ಕನ್ನು ತುಂಬಿಸುವ ಉಪಾಯ ಹಳೆಯದು. ಜಪಾನಿನ ಇಚಿಜೋ ಕೊಬಯಾಶಿ 1910ರಲ್ಲಿ ಒಸಾಕಾದ ಉಮೆದಾದಿಂದ ಹೊರಟ ಒಂದು ವಿದ್ಯುತ್ ರೈಲು ಮಾರ್ಗದ ಪಕ್ಕ ಮನೆಗಳನ್ನು ಕಟ್ಟಿ ಕಂತಿನ ಮೇಲೆ ಮಾರಿದರು. ಅಷ್ಟಕ್ಕೇ ಬಿಡಲಿಲ್ಲ. ಮಾರ್ಗದ ಹೊರ ತುದಿಯ ತಕರಾಜುಕದಲ್ಲಿ ಸ್ನಾನಗೃಹ, 1914ರಿಂದ ಹೆಣ್ಣುಮಕ್ಕಳೇ ನಟಿಸುವ ರಂಗತಂಡದ ಪ್ರದರ್ಶನ. ನಗರದ ತುದಿಯ ನಿಲ್ದಾಣದಲ್ಲಿ 1929ಕ್ಕೆ ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರು. ಬೆಳಿಗ್ಗೆ ಒಂದು ದಿಕ್ಕು, ರಜೆಯಲ್ಲಿ ಇನ್ನೊಂದು ದಿಕ್ಕು, ಎರಡೂ ತುಂಬಿದವು. ಇವತ್ತಿನ ಹಾನ್‌ಕ್ಯೂ ರೈಲು ಬೆಳೆದದ್ದು ಹಾಗೆ.

ಕೋಪನ್‌ಹೇಗನ್ 1947ರ "ಬೆರಳು ಯೋಜನೆ"ಯಲ್ಲಿ ಉಪನಗರ ರೈಲಿನ ಗುಂಟ ಐದು ಬೆರಳಿನ ಹಾಗೆ ಬೆಳೆಯುವುದೆಂದು ತೀರ್ಮಾನಿಸಿತು, ನಡುವಿನ ಸಂದುಗಳು ಹಸಿರಾಗಿ ಉಳಿಯಬೇಕು. ಮುಂದೆ ಅದಕ್ಕೆ ಇನ್ನೊಂದು ನಿಯಮ ಸೇರಿತು: 1,500 ಚದರ ಮೀಟರಿಗಿಂತ ದೊಡ್ಡ ಕಚೇರಿ ಸಾಮಾನ್ಯವಾಗಿ ನಿಲ್ದಾಣದಿಂದ 600 ಮೀಟರಿನೊಳಗೇ ಬರಬೇಕು. ನನಗೆ ಇದು ಬಹಳ ಇಷ್ಟವಾದ ನಿಯಮ. ಮನೆಯಿಂದ ನಿಲ್ದಾಣಕ್ಕೆ ಸೈಕಲ್ಲೋ ಬಸ್ಸೋ ಹೇಗೋ ಬರಬಹುದು. ಇಳಿದ ಮೇಲೆ ಕೆಲಸದ ಜಾಗ ದೂರ ಇದ್ದರೆ ಕೈಯಲ್ಲಿ ವಾಹನ ಇರುವುದಿಲ್ಲ, ಆದ್ದರಿಂದ ಕಚೇರಿಯೇ ಹತ್ತಿರ ಇರಬೇಕು.

ಹಿಂದಿನ ಬೀದಿ

ನಮ್ಮದು ನಿಲ್ದಾಣದ ಹಿಂದಿನ ಬೀದಿ. ಎರಡು ಮಹಡಿಯ ಮನೆಗಳು, ಹಿತ್ತಲಲ್ಲಿ ಬಿಸಿಲು. ನಾವು ಸಭೆಯಲ್ಲಿ ಮಾತೆತ್ತಿದರೆ ಅಭಿವೃದ್ಧಿಗೆ ಅಡ್ಡ ಬರುವವರು ಅನ್ನಿಸಿಕೊಳ್ಳುತ್ತೇವೆ. ಮೂವತ್ತು ಮಹಡಿ ನೆರಳು ನಮ್ಮ ಅಂಗಳದ ಮೇಲೆ ಬೀಳುವುದನ್ನು ಕೇಳುವ ಹಕ್ಕು ನಮಗಿಲ್ಲವೇ?

ನಕ್ಷೆಮೇಜು

ಖಂಡಿತ ಇದೆ. ಅದಕ್ಕೆ ಉತ್ತರ ಎತ್ತರದ ಇಳಿಜಾರು, ಅಂದರೆ ನಿಲ್ದಾಣದಿಂದ ದೂರ ಹೋದಂತೆ ಮಹಡಿ ಕಡಿಮೆಯಾಗುವುದು. ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್ ಕೌಂಟಿ ಒಂದು ದೊಡ್ಡ ತೀರ್ಮಾನ ಮಾಡಿತು. ಮೆಟ್ರೋ ಮಾರ್ಗ ಹೆದ್ದಾರಿಯ ನಡುವೆ ಹೋಗುವುದು ಅಗ್ಗವಾಗಿತ್ತು, ಆದರೆ ಸೊರಗಿದ್ದ ಹಳೇ ಅಂಗಡಿ ಬೀದಿಯ ಕೆಳಗೇ ಹೋಗಲಿ ಅಂತ ಕೌಂಟಿ ಪಟ್ಟು ಹಿಡಿಯಿತು. 1977ರಲ್ಲಿ ರಾಸ್ಲಿನ್ ನಿಲ್ದಾಣ, 1979ರಲ್ಲಿ ಅದರಾಚೆ ಬಾಲ್‌ಸ್ಟನ್‌ವರೆಗಿನ ನಾಲ್ಕು ನಿಲ್ದಾಣ ಬಳಕೆಗೆ ಬಂದವು. ಪ್ರತಿ ನಿಲ್ದಾಣದ ನೆತ್ತಿಯ ಮೇಲೆ ಎತ್ತರ, ಹೊರಗೆ ಹೋದಂತೆ ಮಧ್ಯಮ, ಆಮೇಲೆ ಎಂದಿನ ಮನೆಬೀದಿ. ಎಲ್ಲಿ ನಿಲ್ಲುತ್ತದೆ ಅಂತ ಮೊದಲೇ ಗೆರೆ ಎಳೆದು ಹೇಳಿದ್ದರಿಂದ ಹಿಂದಿನ ಬೀದಿಯವರಿಗೆ ನಂಬಿಕೆ ಬಂತು.

ಆದರೆ ನಿಮ್ಮಲ್ಲೂ ಒಂದು ಕೇಳಿಕೆ. ಏನೂ ಬದಲಾಗಬಾರದು ಅನ್ನುವುದು ರೈಲು ಮಾರ್ಗದ ಪಕ್ಕ ನ್ಯಾಯವಲ್ಲ. ಆ ಮಾರ್ಗ ಕಟ್ಟಿದ್ದು ಇಡೀ ಪ್ರದೇಶದವರ ಹಣದಲ್ಲಿ. ಮ್ಯಾಸಚೂಸೆಟ್ಸ್ 2021ರ ಕಾನೂನಿನಲ್ಲಿ ಬಾಸ್ಟನ್ ಪ್ರದೇಶದ ಸಾರಿಗೆ ಸೇವೆ ಇರುವ ಅಥವಾ ಅದರ ಪಕ್ಕದಲ್ಲಿರುವ 177 ಊರುಗಳಿಗೆ ಹೇಳಿದ್ದು ಇದನ್ನೇ: ಎಕರೆಗೆ ಕನಿಷ್ಠ 15 ಮನೆಯಂತೆ ಬಹುಕುಟುಂಬದ ಮನೆಗಳನ್ನು ಕಟ್ಟಲು ವಿಶೇಷ ಅನುಮತಿ ಬೇಡದ ಒಂದು ವಲಯ ಗುರುತಿಸಿ. ಮಿಲ್ಟನ್ ಊರಿನ ಮತದಾರರು 2024ರಲ್ಲಿ ತಿರಸ್ಕರಿಸಿದರು, 2025ರ ಜನವರಿಯಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕಾನೂನು ಸಿಂಧು ಅಂದಿತು. ಎಕರೆಗೆ 15 ಮನೆ ಅಂದರೆ ಗೋಪುರ ಅಲ್ಲ, ಮೂರು ಮಹಡಿಯ ಸಾಲುಮನೆಯಲ್ಲೇ ಮುಗಿಯುತ್ತದೆ. ನಿಮ್ಮ ಬೀದಿಯ ಪಕ್ಕದಲ್ಲಿ ಅಂಥದ್ದು ಬಂದರೆ ಅಂಗಳದ ಬಿಸಿಲಿಗೆ ಕುತ್ತಿಲ್ಲ.

ಲೆಕ್ಕಪತ್ರ

ಹಣ ಎಲ್ಲಿಂದ ಅಂತ ಯಾರೂ ಕೇಳುತ್ತಿಲ್ಲ, ನಾನು ಕೇಳುತ್ತೇನೆ. ಹಾಂಗ್‌ಕಾಂಗಿನ ಮೆಟ್ರೋ ಸಂಸ್ಥೆ ಎಂಟಿಆರ್‌ನ ಮಾದರಿ ಎಲ್ಲರ ಬಾಯಲ್ಲಿದೆ. ರೈಲು ಬರುವ ಮೊದಲಿನ ಬೆಲೆಯ ಲೆಕ್ಕದಲ್ಲಿ ಸರ್ಕಾರ ಭೂಮಿಯ ಅಭಿವೃದ್ಧಿ ಹಕ್ಕನ್ನು ರೈಲು ಸಂಸ್ಥೆಗೆ ಕೊಡುತ್ತದೆ. ಸಂಸ್ಥೆ ಬಿಲ್ಡರುಗಳ ಜೊತೆ ಸೇರಿ ಕಟ್ಟಿಸಿ, ಬೆಲೆ ಏರಿದ ಲಾಭದಲ್ಲಿ ಪಾಲು ಪಡೆದು ಹಳಿಗೆ ಹಾಕುತ್ತದೆ. ಸಾರ್ವಜನಿಕ ಹಣದಿಂದ ಹೆಚ್ಚಿದ ಬೆಲೆ ಪೂರ್ತಿಯಾಗಿ ಪಕ್ಕದ ಜಮೀನುದಾರರ ಜೇಬಿಗೆ ಹೋಗುವುದಿಲ್ಲ. ತತ್ವ ಸರಿಯಾದದ್ದು.

ಆದರೆ ಅಲ್ಲಿನ ಕೌಲೂನ್ ನಿಲ್ದಾಣದ ರೂಪ ನೋಡಿ ಕಲಿಯಬೇಕಾದದ್ದೂ ಇದೆ. ದೊಡ್ಡ ಪೀಠದಂಥ ಮಾಲ್, ಅದರ ಮೇಲೆ ಗೋಪುರಗಳು. ಒಳಗೆ ತಂಪು, ಶುಚಿ. ಪಕ್ಕದ ಹಳೇ ಬೀದಿಗಳಿಂದ ನಡೆದು ಬರುವುದು ಮಾತ್ರ ಕಷ್ಟ. ಹಣ ತರುವ ಮಾದರಿಯನ್ನು ತೆಗೆದುಕೊಳ್ಳೋಣ, ಪೀಠವನ್ನು ಬಿಡೋಣ. ಜಪಾನಿನ ಭೂ ಮರುಹೊಂದಿಕೆ ನಮಗೆ ಹೆಚ್ಚು ಹೊಂದುತ್ತದೆ ಅನಿಸುತ್ತದೆ. ಎಲ್ಲ ಮಾಲೀಕರೂ ತಮ್ಮ ಜಮೀನಿನ ಒಂದು ಪಾಲು ಬಿಟ್ಟುಕೊಡುತ್ತಾರೆ. ಅದರಲ್ಲಿ ರಸ್ತೆ, ಚೌಕ, ಪಾರ್ಕು ಆಗುತ್ತವೆ, ಸ್ವಲ್ಪ ಭಾಗ ಮಾರಿ ಕಾಮಗಾರಿಯ ಖರ್ಚು ತೆಗೆಯುತ್ತಾರೆ. ಮಾಲೀಕನಿಗೆ ಸಿಗುವ ಸೈಟು ಚಿಕ್ಕದು, ಆದರೆ ಒಳ್ಳೆಯ ರಸ್ತೆಯ ಮೇಲಿರುತ್ತದೆ. ಯಾರನ್ನೂ ಎಬ್ಬಿಸಿ ಕಳಿಸಬೇಕಿಲ್ಲ.

ಬಾಡಿಗೆದಾರ್ತಿ

"ಯಾರನ್ನೂ ಎಬ್ಬಿಸಿ ಕಳಿಸಬೇಕಿಲ್ಲ" ಅಂತ ಲೆಕ್ಕಪತ್ರ ಸರ್ ಬರೆದಿದ್ದೀರಿ. ಮಾಲೀಕರನ್ನು ಎಬ್ಬಿಸುವುದಿಲ್ಲ, ಸರಿ. ನಾವು ಮಾಲೀಕರಲ್ಲ.

ನಿಲ್ದಾಣದ ಪಕ್ಕದ ಹಳೇ ಮನೆಗಳಲ್ಲಿ ಇರುವವರು ಹೆಚ್ಚಿನವರು ಬಾಡಿಗೆಯವರು. ಕಾರಿಲ್ಲದವರು, ರೈಲನ್ನು ದಿನವೂ ಹತ್ತುವವರು, ಇವತ್ತೂ ನಡೆದೇ ಹೋಗುವವರು. ಜಾಗಕ್ಕೆ ಬೆಲೆ ಬಂದ ದಿನ ಮೊದಲು ಹೊರಡುವವರು ನಾವೇ. ಏಳೆಂಟು ಕಿಲೋಮೀಟರ್ ಆಚೆ ಹೋಗಿ, ಅಲ್ಲಿಂದ ಸ್ಕೂಟರು ಕೊಂಡು ಬರುತ್ತೇವೆ. ನಮ್ಮ ಜಾಗಕ್ಕೆ ಎರಡು ಕಾರಿನ ಕುಟುಂಬ ಬರುತ್ತದೆ. ನಡೆಯುವವರ ಊರು ಕಟ್ಟಲು ಹೋಗಿ ನಡೆಯುವವರನ್ನೇ ಕಳಿಸಿದಂತಾಯಿತಲ್ಲ!

"ಕಾಮಗಾರಿ ಮುಗಿದ ಮೇಲೆ ವಾಪಸ್ ಬನ್ನಿ, ಹಕ್ಕು ಕೊಡುತ್ತೇವೆ" ಅನ್ನುತ್ತಾರೆ. ಮಗಳು ಹೊಸ ಶಾಲೆಗೆ ಸೇರಿರುತ್ತಾಳೆ, ಬಾಡಿಗೆ ಮುಂಗಡ ಬೇರೆ ಕಡೆ ಕೊಟ್ಟಾಗಿರುತ್ತದೆ. ನಾಲ್ಕೈದು ವರ್ಷ ಬಿಟ್ಟು ಯಾರು ವಾಪಸ್ ಬರುತ್ತಾರೆ?

ಕಾಲ್ದಾರಿ

ಮೇಡಂ, ಈ ಚರ್ಚೆಯಲ್ಲಿ ಇಷ್ಟು ತಡವಾಗಿ ಬರಬಾರದಿದ್ದ ಮಾತು ಇದು. ಕ್ರಮವನ್ನೇ ಬದಲಾಯಿಸಬಹುದು. ರೈಲ್ವೆಯ ಪಾರ್ಕಿಂಗ್ ಮೈದಾನ ಖಾಲಿ ನೆಲ, ಅಲ್ಲಿ ಯಾರ ಮನೆಯನ್ನೂ ಕೆಡವಬೇಕಿಲ್ಲ. ಅದರ ಮೊದಲ ಹಂತದಲ್ಲೇ ಬಾಡಿಗೆ ಮನೆಗಳು ಎದ್ದರೆ, ಹಳೇ ಮನೆಗಳಲ್ಲಿರುವವರು ಒಂದೇ ಸಲ, ಒಂದು ರಸ್ತೆ ದಾಟಿ, ಅಲ್ಲಿಗೆ ಹೋಗುತ್ತಾರೆ. ಆಮೇಲೆ ಹಳೇ ಕಟ್ಟಡಕ್ಕೆ ಕೈ ಹಾಕಲಿ. ಶಾಲೆ ಬದಲಾಗುವುದಿಲ್ಲ, ಹತ್ತುವ ರೈಲು ಬದಲಾಗುವುದಿಲ್ಲ.

ಲೆಕ್ಕಪತ್ರ

ಇದು ಲೆಕ್ಕಕ್ಕೂ ಕೂಡುತ್ತದೆ, ಒಂದು ಷರತ್ತಿನ ಮೇಲೆ. ರೈಲ್ವೆ ಆ ನೆಲವನ್ನು ಮಾರಬಾರದು, ದೀರ್ಘಾವಧಿ ಗುತ್ತಿಗೆಗೆ ಕೊಡಬೇಕು. ಗುತ್ತಿಗೆಯ ಕರಾರಿನಲ್ಲೇ ಇಂತಿಷ್ಟು ಪಾಲು ಮನೆ ಇಂತಿಷ್ಟು ಬಾಡಿಗೆಗೆ ಅಂತ ಬರೆದರೆ ಕಟ್ಟುವವನು ಜಾಗಕ್ಕೆ ಕಡಿಮೆ ಬೆಲೆ ಹೇಳುತ್ತಾನೆ, ಅಷ್ಟೇ ವ್ಯತ್ಯಾಸ. ಟೆಂಡರ್ ಕರೆದ ಮೇಲೆ ಸೇರಿಸಲು ಹೋದರೆ ಕೋರ್ಟಿಗೆ ಹೋಗುತ್ತಾರೆ. ಆದ್ದರಿಂದ ಕರಡು ಹಂತದಲ್ಲೇ ಆಕ್ಷೇಪಣೆ ಬರೆದು ಹಾಕಿ, ಬಾಯಲ್ಲಿ ಹೇಳಿ ಬರಬೇಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ.

ಬಾಡಿಗೆದಾರ್ತಿ

ಬರೆಯುತ್ತೇವೆ. ನಮ್ಮ ಸಾಲಿನ ಎಲ್ಲ ಮನೆಯವರ ಸಹಿ ಹಾಕಿಸುತ್ತೇನೆ. ಪಯಣ ಅವರೇ, ಎರಡೂ ಬದಿಗೆ ಬಾಗಿಲು ಅನ್ನುವ ನಿಮ್ಮ ಬೇಡಿಕೆಯನ್ನೂ ಅದೇ ಅರ್ಜಿಯಲ್ಲಿ ಸೇರಿಸುತ್ತೇನೆ, ನಮ್ಮ ಸಾಲು ಇರುವುದು ಬಾಗಿಲಿಲ್ಲದ ಬದಿಯಲ್ಲೇ. ರ‍್ಯಾಂಪಿನ ಅಳತೆ ಇನ್ನೊಮ್ಮೆ ವಿವರವಾಗಿ ಕಳಿಸಿಕೊಡಿ.